ಕುಕ್ಕರ್ ಸೀಟಿ, ರಿಪಲ್ ಎಡಿಟ್ ಮತ್ತು ಏಳು ಮಾತ್ರೆ: ಒಂದು ಹಾಡು ಕೆಟ್ಟು ಸರಿಹೋದ ಪ್ರಕರಣ

ಇದರಲ್ಲಿ ಬರುವವರ ಹೆಸರಾಗಲಿ ಊರಾಗಲಿ ಹೇಳುವುದಿಲ್ಲ, ಹಾಡು ಯಾವುದು ಅಂತಲೂ ಹೇಳುವುದಿಲ್ಲ. ಉತ್ತರ ಕರ್ನಾಟಕದ ಒಂದು ಊರು ಅಂದುಕೊಳ್ಳಿ, ಸಾಕು. ಹಾಡಿದವರು ಸಂಗೀತ ಕಲಿಸುವ ಹಿರಿಯ ಹೆಣ್ಣುಮಗಳು. ಊರಲ್ಲಿ ಎಲ್ಲರೂ ಅವರನ್ನು ಅಕ್ಕೋರು ಅಂತ ಕರೆಯುತ್ತಾರೆ, ಇಲ್ಲೂ ಹಾಗೇ ಇರಲಿ. ರೆಕಾರ್ಡ್ ಮಾಡಿ ಎಡಿಟ್ ಮಾಡಿದವನು ಅವರ ಹಳೆಯ ವಿದ್ಯಾರ್ಥಿನಿಯ ಮಗ. ಅವನನ್ನು ಹುಡುಗ ಅನ್ನುತ್ತೇನೆ. ಇಬ್ಬರಿಗೂ ಕೇಳಿಯೇ ಬರೆಯುತ್ತಿದ್ದೇನೆ. ಹುಡುಗ ಹಾಕಿದ್ದು ಒಂದೇ ಷರತ್ತು: "ಸರ್, ನಾಲ್ಕು ದಿನ ಹಾಳು ಮಾಡಿದೆ ಅಂತ ಬರೀರಿ, ಆದ್ರ ದಡ್ಡ ಅಂತ ಬರೀಬ್ಯಾಡ್ರಿ." ದಡ್ಡ ಅಲ್ಲವೇ ಅಲ್ಲ. ಇದೇ ತಪ್ಪನ್ನು ದೊಡ್ಡ ಸ್ಟುಡಿಯೋದಲ್ಲಿ ಕೂತವರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ.

ಹಾಡು ಒಂದು ದೇವರನಾಮ, ಸುಮಾರು ಆರು ನಿಮಿಷ. ತಾಳ ರೂಪಕ್, ಅಂದರೆ ಹಿಂದೂಸ್ತಾನಿ ರೂಪಕ್, ಏಳು ಮಾತ್ರೆ, ಒಂದು ಸುತ್ತಿಗೆ ಏಳು ಎಣಿಕೆ. ಕರ್ನಾಟಕ ಸಂಗೀತದ ರೂಪಕ ಬೇರೆ, ಗೊಂದಲ ಬೇಡ. ಮನೆಯ ಮಹಡಿ ಮೇಲಿನ ಕೋಣೆ, ಗೋಡೆಗೆ ರಗ್ಗು, ಕಿಟಕಿಗೆ ಗಾದಿ. ಅಕ್ಕೋರು, ಹಾರ್ಮೋನಿಯಂ, ತಬಲ, ಕೊಳಲು ನಾಲ್ಕೂ ಒಟ್ಟಿಗೆ, ಒಂದೇ ಕೋಣೆಯಲ್ಲಿ. ನಾಲ್ಕು ಮೈಕು, ನಾಲ್ಕು ಟ್ರ್ಯಾಕು. ಮೂಲೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ. ಲಯ ಹಿಡಿಯಲು ಕಿವಿಯಲ್ಲಿ ಟಕ್ ಟಕ್ ಅನ್ನುವ ಕ್ಲಿಕ್ ಹಾಕಿರಲಿಲ್ಲ. ಹಾಕಿದ್ದರೆ ಅಕ್ಕೋರು ಹಾಡುತ್ತಲೂ ಇರಲಿಲ್ಲ. ರೆಕಾರ್ಡ್ ಮಾಡಿ ಎಡಿಟ್ ಮಾಡುವ ಸಾಫ್ಟ್‌ವೇರ್ ರೀಪರ್.

ಇಲ್ಲಿ ಒಂದು ಮಾತು ಮೊದಲೇ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಒಂದೇ ಕೋಣೆಯಲ್ಲಿ ನಾಲ್ಕು ಮೈಕು ಇಟ್ಟರೆ ಪ್ರತಿ ಮೈಕಿನಲ್ಲೂ ನಾಲ್ವರೂ ಇರುತ್ತಾರೆ. ಟ್ರ್ಯಾಕಿನ ಮೇಲೆ 'ಗಾಯನ' ಅಂತ ಹೆಸರು ಬರೆದಿದ್ದೇವೆ ಅಷ್ಟೇ, ಒಳಗೆ ತಬಲವೂ ಇದೆ, ತಂಬೂರಿಯೂ ಇದೆ. ಅಕ್ಕೋರಿಗೂ ತಬಲಕ್ಕೂ ಎರಡು ಮೀಟರ್ ಅಂತರ ಇತ್ತು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಹಾಗಾಗಿ ತಬಲದ ಪೆಟ್ಟು ಅಕ್ಕೋರ ಮೈಕಿಗೆ ಸುಮಾರು 6 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅಷ್ಟು ಕಿವಿಗೆ ಗೊತ್ತಾಗುವುದಿಲ್ಲ, ಕೋಣೆಯ ಗುಣದಂತೆ ಕೇಳಿಸುತ್ತದೆ. ಆದರೆ ಗಾಯನದ ಟ್ರ್ಯಾಕನ್ನು ಒಂದು 60 ಮಿಲಿಸೆಕೆಂಡ್ ಆಚೀಚೆ ಸರಿಸಿ ನೋಡಿ, ಒಬ್ಬ ತಬಲದವರು ಇಬ್ಬರಾಗುತ್ತಾರೆ.

ಈಗ ಪ್ರಕರಣಕ್ಕೆ ಬರೋಣ. ರೆಕಾರ್ಡಿಂಗ್ ಚೆನ್ನಾಗಿ ಆಯಿತು. ಎರಡನೇ ಟೇಕು ಎಲ್ಲರಿಗೂ ಇಷ್ಟವಾಯಿತು. ಒಂದೇ ಒಂದು ತೊಂದರೆ. ಪಲ್ಲವಿ ಮುಗಿದು ಮೊದಲ ಚರಣ ಶುರುವಾಗುವ ಮುಂಚೆ ಹಾರ್ಮೋನಿಯಂ ಒಂದು ಸಣ್ಣ ತುಣುಕು ನುಡಿಸುತ್ತದೆ, ಅದರ ಮೇಲೆ ಪಕ್ಕದ ಮನೆಯ ಕುಕ್ಕರ್ ಉದ್ದಕ್ಕೆ ಸೀಟಿ ಹೊಡೆಯಿತು. ಸುಮಾರು ನಾಲ್ಕು ಸೆಕೆಂಡು.

ಹುಡುಗ ಎಡಿಟ್‌ಗೆ ಕೂತ. ಅವನು ಅದಕ್ಕೂ ಹಿಂದಿನ ವಾರವೆಲ್ಲ ಯಾರದ್ದೋ ಸಂದರ್ಶನ ಎಡಿಟ್ ಮಾಡುತ್ತಿದ್ದ. ಮಾತಿನ ಎಡಿಟ್‌ನಲ್ಲಿ 'ಅಂ', 'ಆಂ', ಕೆಮ್ಮು, ಸುಮ್ನೆ ಇರುವ ಜಾಗ ಎಲ್ಲ ಕತ್ತರಿಸಿ ಎಸೆಯಬೇಕು, ಎಸೆದ ಕೂಡಲೇ ಹಿಂದಿನದು ತಾನಾಗಿ ಮುಂದೆ ಬಂದು ಕೂಡಿಕೊಳ್ಳಬೇಕು. ಅದಕ್ಕೆ ರೀಪರ್‌ನಲ್ಲಿ ರಿಪಲ್ ಎಡಿಟಿಂಗ್ ಇದೆ. ಮಾತಿಗೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಸಾಲಲ್ಲಿ ನಿಂತವರಲ್ಲಿ ಒಬ್ಬ ಹೊರಟುಹೋದರೆ ಹಿಂದಿನವರೆಲ್ಲ ಒಂದು ಹೆಜ್ಜೆ ಮುಂದೆ ಬರುತ್ತಾರಲ್ಲ, ಹಾಗೆ. ಇದಕ್ಕೆ ಮೂರು ಸ್ಥಿತಿ: ಬಂದ್, ಆ ಟ್ರ್ಯಾಕಿಗೆ ಮಾತ್ರ, ಎಲ್ಲ ಟ್ರ್ಯಾಕಿಗೂ. ಆಲ್ಟ್ ಜೊತೆ ಪಿ ಒತ್ತುತ್ತಾ ಹೋದರೆ ಒಂದಾದ ಮೇಲೆ ಒಂದು ಬರುತ್ತದೆ.

ಹಾಡಿಗೆ ಹೊಸ ಪ್ರಾಜೆಕ್ಟ್ ತೆರೆಯುವ ಬದಲು ಅವನು ಸಂದರ್ಶನದ ಪ್ರಾಜೆಕ್ಟನ್ನೇ ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಒಳಗಿದ್ದದ್ದನ್ನು ಅಳಿಸಿ ಬಳಸಿದ್ದ. ಕಂಪ್ರೆಸರ್, ಇಕ್ಯೂ ಅನ್ನುವ ಧ್ವನಿ ತಿದ್ದುವ ಸಾಧನಗಳನ್ನೆಲ್ಲ ಜೋಡಿಸಿಟ್ಟದ್ದು ಸಿಗುತ್ತದಲ್ವಾ, ಅದಕ್ಕೆ. ಆದರೆ ರಿಪಲ್ ಯಾವ ಸ್ಥಿತಿಯಲ್ಲಿದೆ ಅನ್ನುವುದೂ ಪ್ರಾಜೆಕ್ಟ್ ಜೊತೆಗೇ ಸೇವ್ ಆಗಿರುತ್ತದೆ. 'ಆ ಟ್ರ್ಯಾಕಿಗೆ ಮಾತ್ರ' ಅನ್ನುವುದು ಆನ್ ಆಗಿಯೇ ಬಂತು. ಮೇಲಿನ ಟೂಲ್‌ಬಾರಿನ ಸಣ್ಣ ಐಕಾನು, ಯಾರು ನೋಡುತ್ತಾರೆ.

ಗಾಯನದ ಟ್ರ್ಯಾಕನ್ನು ಸೋಲೋ ಮಾಡಿದ, ಅಂದರೆ ಅದೊಂದೇ ಕೇಳಿಸುವಂತೆ ಇಟ್ಟ, ಹೆಡ್‌ಫೋನ್ ಹಾಕಿಕೊಂಡ. ಸೀಟಿ ಜೋರಾಗಿ ಕೇಳಿಸಿತು. ಆ ಕಡೆ ಎಸ್ ಒತ್ತಿ ಕತ್ತರಿಸಿದ, ಈ ಕಡೆ ಎಸ್ ಒತ್ತಿ ಕತ್ತರಿಸಿದ, ನಡುವಿನ ತುಂಡು ಡಿಲೀಟ್. ಸೀಟಿ ಮಾಯ. ಆಮೇಲೆ ಹುರುಪು ಬಂತು. ಅಕ್ಕೋರ ಉಸಿರು ದೊಡ್ಡದಾಗಿ ಕೇಳಿಸುತ್ತಿತ್ತು, ಕಾಲು ಸೆಕೆಂಡು, ಅರ್ಧ ಸೆಕೆಂಡಿನ ತುಂಡುಗಳು, ಅವನ್ನೂ ಒಂದೊಂದಾಗಿ ತೆಗೆದ. ಸೀಟಿಯೂ ಸೇರಿ 23 ಕಡೆ ಕತ್ತರಿ ಬಿತ್ತು. ಒಂಟಿಯಾಗಿ ಕೇಳಿದರೆ ಗಾಯನ ತೊಳೆದಿಟ್ಟ ಹಾಗೆ ಇತ್ತು. ಸೋಲೋ ತೆಗೆದಾಗ ಎದೆ ಧಸಕ್ ಅಂದಿತು. ಹಾರ್ಮೋನಿಯಂ ಇನ್ನೂ ತುಣುಕು ನುಡಿಸುತ್ತಿದೆ, ಅಕ್ಕೋರು ಆಗಲೇ ಚರಣ ಎತ್ತಿಕೊಂಡಿದ್ದಾರೆ.

ಈ ಜಾಗದಲ್ಲಿ ಕಂಟ್ರೋಲ್ ಝಡ್ (ಅನ್‌ಡೂ) ಒತ್ತುತ್ತಾ 23 ಕತ್ತರಿಯಷ್ಟು ಹಿಂದೆ ಹೋಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಹುಡುಗ ಹಾಗೆ ಮಾಡಲಿಲ್ಲ. ಎರಡು ಗಂಟೆಯ ಕೆಲಸ, ಹೋಗಲಿ ಅನ್ನಲು ಮನಸ್ಸಾಗಲಿಲ್ಲ. "ಎಷ್ಟು ಮುಂದೆ ಬಂದದ ಅಷ್ಟು ಹಿಂದ ದೂಡಿದ್ರ ಆತಲ್ಲ" ಅಂದುಕೊಂಡ. ದೂಡತೊಡಗಿದ. ಒಂದು ಸಾಲು ದೂಡಿದರೆ ಅದರ ನಂತರದ ಸಾಲುಗಳೆಲ್ಲ ಓಡುತ್ತಿದ್ದವು. ಆಗ ರಿಪಲ್ ಆನ್ ಇರುವುದು ಕಣ್ಣಿಗೆ ಬಿತ್ತು, ಬಂದ್ ಮಾಡಿದ. ಒಂದೊಂದೇ ಸಾಲನ್ನು ಹಿಡಿದು ಕಿವಿಯಿಂದ ಅಂದಾಜು ಮಾಡಿ ಕೂರಿಸುತ್ತಾ ಹೋದ. ಪ್ರಾಜೆಕ್ಟ್ ಮುಚ್ಚಿದ, ತೆರೆದ, ಅದೇ ಹೆಸರಿನಲ್ಲಿ ಸೇವ್ ಮಾಡಿದ. ಅನ್‌ಡೂ ಪಟ್ಟಿ ಹೋಯಿತು.

ಆದರೆ ಸಾಲುಗಳು ಎಷ್ಟು ದೂಡಿದರೂ ಸರಿಯಾಗಿ ಕೂರುತ್ತಿರಲಿಲ್ಲ. ಯಾಕೆ ಅಂತ ಅವನಿಗೆ ಗೊತ್ತಾಗಲಿಲ್ಲ, ನನಗೂ ಅವನ ಪರದೆ ನೋಡಿದ ಮೇಲೇ ಗೊತ್ತಾಗಿದ್ದು. ಸ್ನ್ಯಾಪ್ ಆನ್ ಇತ್ತು. ರೀಪರ್‌ನಲ್ಲಿ ಏನನ್ನೂ ಮುಟ್ಟದಿದ್ದರೆ ಪ್ರಾಜೆಕ್ಟ್ ಶುರುವಾಗುವುದು 120 ಬಿಪಿಎಂ, ನಾಲ್ಕು ಬೀಟಿನ ಲೆಕ್ಕದಲ್ಲಿ. ಗ್ರಿಡ್, ಅಂದರೆ ಪರದೆಯ ಮೇಲಿನ ಅಳತೆ ಗೆರೆಗಳು, ಹದಿನಾರರಲ್ಲಿ ಒಂದಕ್ಕೆ ಇತ್ತು. 120 ಬಿಪಿಎಂ ಅಂದರೆ ನಿಮಿಷಕ್ಕೆ 120 ಬೀಟು, ಒಂದು ಬೀಟಿಗೆ ಅರ್ಧ ಸೆಕೆಂಡು, ಅದರ ಕಾಲು ಭಾಗ 125 ಮಿಲಿಸೆಕೆಂಡ್. ಅಂದರೆ ಇವನು ಎಲ್ಲಿ ಬಿಟ್ಟರೂ ತುಂಡು 125 ಮಿಲಿಸೆಕೆಂಡಿನ ಗೆರೆಗಳಲ್ಲಿ ಹತ್ತಿರದ್ದಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು. ಹೆಚ್ಚೆಂದರೆ 62 ಮಿಲಿಸೆಕೆಂಡಿನ ತಪ್ಪು, ಪ್ರತಿ ಸಾಲಿಗೂ ಬೇರೆ ಬೇರೆ ತಪ್ಪು. ಆ ಗೆರೆಗಳಿಗೂ ಆ ಹಾಡಿಗೂ ಯಾವ ಸಂಬಂಧವೂ ಇಲ್ಲ. ಕ್ಲಿಕ್ ಇಲ್ಲದೆ ಏಳು ಮಾತ್ರೆಯಲ್ಲಿ ಹಾಡಿದ್ದನ್ನು ನಾಲ್ಕರ ಗೆರೆಗೆ ಅಂಟಿಸುತ್ತಿದ್ದ, ಅದೂ ಸಾಫ್ಟ್‌ವೇರ್ ಸುಮ್ನೆ ಎಳೆದಿಟ್ಟ ಗೆರೆಗೆ.

ಮೂರನೇ ದಿನ ಬೇರೆ ದಾರಿ ಹಿಡಿದ. ಗಾಯನ ತಬಲಕ್ಕೆ ಹೊಂದುತ್ತಿಲ್ಲವಾದರೆ ತಬಲವನ್ನೇ ಹೊಂದಿಸೋಣ ಅಂತ ತಬಲದ ಟ್ರ್ಯಾಕಿಗೆ ಸ್ಟ್ರೆಚ್ ಮಾರ್ಕರ್ ಹಾಕಿ ಎಳೆದ. ಎಡಗೈಯ ದಗ್ಗಾದ ನಾದ ರಬ್ಬರಿನ ಹಾಗೆ ಆಯಿತು. ನಾಲ್ಕನೇ ದಿನ ಗಾಯನಕ್ಕೆ ಪಿಚ್ ತಿದ್ದುವ ಪ್ಲಗಿನ್ ಹಾಕಿದ, ಮೀಂಡುಗಳು (ಸ್ವರದಿಂದ ಸ್ವರಕ್ಕೆ ಜಾರುವ ಜಾಗಗಳು) ಮೆಟ್ಟಿಲಾದವು. ಅದನ್ನು ಅಲ್ಲಿಗೇ ಬಿಡುತ್ತೇನೆ, ಅದರ ಬಗ್ಗೆ ಬರೆಯಲು ಹೋದರೆ ಇನ್ನೊಂದು ಇಷ್ಟೇ ಉದ್ದದ ಬರಹವಾಗುತ್ತದೆ. ಅಕ್ಕೋರಿಗೆ ಕೇಳಿಸಿದ. ಅವರು ಪೂರ್ತಿ ಕೇಳಿ ಹೇಳಿದರಂತೆ: "ಹಾಡಿದಾಕಿ ನಾನ ಹೌದು. ಆದ್ರ ತಬಲಾದವರ ಜೋಡಿ ಜಗಳಾ ಮಾಡ್ಕೋತ ಹಾಡಿದಂಗ ಕೇಳಸ್ತದಲ್ಲ ತಮ್ಮಾ."

ಆಗ ನನಗೆ ಫೋನ್ ಬಂತು.

ನಾನು ಹೋದವನು ಮೊದಲು ಮಾಡಿದ ಕೆಲಸ ಅಂದರೆ ರೆಕಾರ್ಡ್ ಆದ ಫೈಲುಗಳಿವೆಯಾ ನೋಡಿದ್ದು. ಇದ್ದವು, ನಾಲ್ಕೂ ಪೂರ್ತಿ. ಈ ಸಾಫ್ಟ್‌ವೇರ್‌ಗಳಲ್ಲಿ ನಾವು ಕತ್ತರಿಸುವುದು ಫೈಲನ್ನಲ್ಲ, ಫೈಲಿನ ಯಾವ ಭಾಗವನ್ನು ಯಾವಾಗ ನುಡಿಸಬೇಕು ಅನ್ನುವ ಸೂಚನೆಯನ್ನು. ಹಾಗಾಗಿ ಏನೂ ಸತ್ತಿರಲಿಲ್ಲ. ಹುಡುಗನ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಆದರೆ ತಕ್ಷಣ ಕೇಳಿದ, "ಸರ್, ನನ್ನ ಎಡಿಟ್ ಉಳಿಸ್ಕೊಂಡು ಸರಿ ಮಾಡಾಕ ಬರ್ತದ?"

ಬರುತ್ತದೆ. ರೀಪರ್ ರೆಕಾರ್ಡ್ ಮಾಡುವಾಗ ಬ್ರಾಡ್‌ಕಾಸ್ಟ್ ವೇವ್ ಅನ್ನುವ ಬಗೆಯ ಫೈಲಿನಲ್ಲಿ ಅದು ಎಷ್ಟು ಹೊತ್ತಿಗೆ ಶುರುವಾಯಿತು ಅನ್ನುವ ಗುರುತನ್ನೂ ಬರೆದಿಡುತ್ತದೆ. ತುಂಡುಗಳನ್ನು ಆರಿಸಿಕೊಂಡು, ಆ ಗುರುತಿನ ಪ್ರಕಾರ ಮೂಲ ಜಾಗಕ್ಕೆ ಹೋಗಿ ಅಂತ ಹೇಳುವ ಆಜ್ಞೆ ಇದೆ. ಪ್ರೊ ಟೂಲ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಬಳಸುವವರು ಇದೇ ಕೆಲಸಕ್ಕೆ ಸ್ಪಾಟ್ ಮೋಡ್‌ಗೆ ಹೋಗುತ್ತಾರೆ. ಅರ್ಧ ಗಂಟೆ ಅದನ್ನೇ ಮಾಡಿದೆವು. ಎಲ್ಲ ತುಂಡುಗಳೂ ಮನೆಗೆ ಹೋಗಿ ಕೂತವು, ಗಾಯನ ತಬಲಕ್ಕೆ ಕರೆಕ್ಟಾಗಿ ಹೊಂದಿತು. ಆದರೂ ಏನೋ ಸರಿ ಇಲ್ಲ. ಕಣ್ಣು ಮುಚ್ಚಿ ಕೇಳಿದರೆ ಉಸಿರಿದ್ದ ಪ್ರತಿ ಜಾಗದಲ್ಲೂ ಯಾರೋ ಕೋಣೆಯ ಬಾಗಿಲು ಹಾಕಿ ತೆಗೆದ ಹಾಗೆ.

ಉಸಿರಿನ ತುಂಡನ್ನು ತೆಗೆದಾಗ ಉಸಿರು ಮಾತ್ರ ಹೋಗಿರಲಿಲ್ಲ ನೋಡಿ. ಆ ಕಾಲು ಸೆಕೆಂಡಿನಲ್ಲಿ ಅಕ್ಕೋರ ಮೈಕಿಗೆ ಬಿದ್ದಿದ್ದ ತಂಬೂರಿ, ತಬಲದ ಗುಂಗು, ಕೋಣೆಯ ಗಾಳಿ ಎಲ್ಲ ಹೋಗಿತ್ತು. ಹಾಡಿನಲ್ಲಿ 23 ತೂತು. ಮೊದಲು ಅವು ಕಾಣದೇ ಇದ್ದದ್ದು ಯಾಕೆ ಅಂದರೆ ರಿಪಲ್ ಅವನ್ನು ಮುಚ್ಚಿಹಾಕಿತ್ತು. ಇಲ್ಲಿ ನಾವು ನಿರ್ಧಾರ ಮಾಡಿದೆವು: ಈ ಎಡಿಟ್ ಉಳಿಸುವುದು ಬೇಡ, ಹೊಸದಾಗಿ ಶುರು ಮಾಡೋಣ. ಹುಡುಗನಿಗೆ ಬೇಸರವಾಯಿತು, ಚಹಾ ತರುತ್ತೇನೆ ಅಂತ ಕೆಳಗೆ ಹೋದವನು ಇಪ್ಪತ್ತು ನಿಮಿಷ ಬರಲಿಲ್ಲ.

ಹೊಸ ಖಾಲಿ ಪ್ರಾಜೆಕ್ಟು. ನಾಲ್ಕು ಫೈಲು ಒಂದೇ ಜಾಗದಿಂದ. ನಾಲ್ಕನ್ನೂ ಆರಿಸಿ ಜಿ ಒತ್ತಿ ಒಂದು ಗುಂಪು ಮಾಡಿದೆವು, ಇನ್ನು ಒಂದು ಸರಿದರೆ ನಾಲ್ಕೂ ಸರಿಯಬೇಕು. ಸ್ನ್ಯಾಪ್ ಬಂದ್. ರಿಪಲ್ ಬಂದ್. ಸೋಲೋ ಮುಟ್ಟುವ ಹಾಗಿಲ್ಲ. ಆಮೇಲೆ ಅವನು ಕತ್ತರಿಸಿದ್ದ 23 ಜಾಗಗಳನ್ನು ನಾಲ್ಕೂ ಟ್ರ್ಯಾಕು ಒಟ್ಟಿಗೆ ಕೇಳುತ್ತಾ ಒಂದೊಂದಾಗಿ ನೋಡಿದೆವು. ತಬಲ, ಹಾರ್ಮೋನಿಯಂ ಜೊತೆ ಕೇಳಿದಾಗ 18 ಕಡೆ ಉಸಿರು ಕೇಳಿಸಲೇ ಇಲ್ಲ! ಅಲ್ಲಿ ಏನೂ ಮಾಡಬೇಕಾಗಿರಲಿಲ್ಲ. ನಾಲ್ಕು ಕಡೆ ಸ್ವಲ್ಪ ಜಾಸ್ತಿ ಅನ್ನಿಸಿತು. ಅಲ್ಲೂ ಕತ್ತರಿ ಬೇಡ. ವಾಲ್ಯೂಮ್ ಎನ್ವಲಪ್ (ದನಿಯನ್ನು ಏರಿಸಿ ಇಳಿಸುವ ಗೆರೆ) ತೆರೆದು ಉಸಿರಿನ ಜಾಗದಲ್ಲಿ ಮಾತ್ರ ಗೆರೆಯನ್ನು 6 ಡೆಸಿಬಲ್ ಕೆಳಗೆ ಎಳೆದೆವು. ಉಸಿರು ಹಿಂದೆ ಸರಿಯಿತು, ಕೋಣೆ ಹಾಗೇ ಉಳಿಯಿತು. ಒಟ್ಟು ಹತ್ತು ನಿಮಿಷದ ಕೆಲಸ.

ಉಳಿದದ್ದು ಸೀಟಿ. ಅದು ನಾಲ್ಕೂ ಮೈಕಿನಲ್ಲಿತ್ತು, ಒಂದರಲ್ಲಿ ಕಡಿಮೆ, ಒಂದರಲ್ಲಿ ಜಾಸ್ತಿ. ಗಾಯನದಲ್ಲಿ ಮಾತ್ರ ಅಳಿಸಿದರೆ ಏನೂ ಪ್ರಯೋಜನ ಇರಲಿಲ್ಲ ಅನ್ನುವುದು ಹುಡುಗನಿಗೆ ಆಗಲೇ ಹೊಳೆದದ್ದು, ತಲೆ ಚಚ್ಚಿಕೊಂಡ. ಇಕ್ಯೂ ಹಾಕಿ ಆ ಕಂಪನವನ್ನು ಕೊರೆಯಲು ನೋಡಿದೆವು, ಸೀಟಿ ತೆಳುವಾಗುವ ಹೊತ್ತಿಗೆ ಹಾರ್ಮೋನಿಯಂಗೆ ನೆಗಡಿಯಾಗಿತ್ತು.

ಆಗ ತಬಲದವರಿಗೆ ಫೋನ್ ಹಚ್ಚಿದೆವು. ಆ ಜಾಗದಲ್ಲಿ ಏನು ನುಡಿಸಿದಿರಿ ಅಂತ ಕೇಳಿದ್ದಕ್ಕೆ ಅವರು, ಹಾರ್ಮೋನಿಯಂನವರು ಎರಡು ಆವರ್ತದ (ತಾಳದ ಎರಡು ಸುತ್ತಿನ) ತುಣುಕನ್ನೇ ಎರಡು ಸಲ ನುಡಿಸಿದರು, ನಾನು ಸಾದಾ ಠೇಕಾ ಇಟ್ಟೆ ಅಂದರು. ಅಂದರೆ ತಾಳದ ಮೂಲ ಪೆಟ್ಟುಗಳು: ತಿಂ ತಿಂ ನಾ, ಧಿ ನಾ, ಧಿ ನಾ. ಸೀಟಿ ಬಿದ್ದಿದ್ದು ಎರಡನೇ ಸಲದ ಮೇಲೆ. ಅಂದರೆ ಎರಡನೇ ಸಲದ್ದನ್ನು ಪೂರ್ತಿ, ಸಮದಿಂದ (ಆವರ್ತದ ಮೊದಲ ಮಾತ್ರೆ) ಸಮದವರೆಗೆ, ನಾಲ್ಕೂ ಟ್ರ್ಯಾಕಿನಿಂದ ತೆಗೆದುಬಿಟ್ಟರೆ? ತಾಳ ತಪ್ಪುವುದಿಲ್ಲ, ತುಣುಕು ಒಂದೇ ಸಲ ಬರುತ್ತದೆ, ಅಷ್ಟೇ. ತೆಗೆದ ಮೇಲೆ ನಂತರದ್ದೆಲ್ಲ ಮುಂದೆ ಬಂದು ಕೂಡಬೇಕು. ಅದಕ್ಕೆ ಯಾವ ಸಾಧನ ಬೇಕು? ರಿಪಲ್ಲೇ. ಆದರೆ 'ಎಲ್ಲ ಟ್ರ್ಯಾಕಿಗೂ' ಅನ್ನುವ ಸ್ಥಿತಿಯಲ್ಲಿ. ನಾನು ಹಾಗೆ ಅಂದಾಗ ಹುಡುಗ ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಮೊದಲ ಸಲ ನಾನೇ ಕೆಡಿಸಿದೆ. ತಬಲದ ಟ್ರ್ಯಾಕಿನಲ್ಲಿ ಟ್ಯಾಬ್ ಒತ್ತಿದರೆ ಕರ್ಸರ್ ನೇರವಾಗಿ ಮುಂದಿನ ಪೆಟ್ಟಿನ ಶುರುವಿಗೆ ಹೋಗಿ ನಿಲ್ಲುತ್ತದೆ. ಸಮದ 'ತಿಂ' ಹಿಡಿದು ಅಲ್ಲೇ ಕತ್ತರಿಸಿದೆ. ತಬಲ ಚೆಂದಾಗಿ ಕೂಡಿತು, ಆದರೆ ಹಾರ್ಮೋನಿಯಂನ ಸ್ವರ ತಲೆ ಇಲ್ಲದೆ ಹುಟ್ಟಿದ ಹಾಗೆ ಕೇಳಿಸಿತು. ಹಿಗ್ಗಿಸಿ ನೋಡಿದರೆ ಅವರ ಬೆರಳು ತಬಲಕ್ಕಿಂತ ಸುಮಾರು 30 ಮಿಲಿಸೆಕೆಂಡ್ ಮುಂಚೆಯೇ ಮನೆ ಒತ್ತಿತ್ತು. ಮನುಷ್ಯರು ನುಡಿಸುವುದೇ ಹಾಗೆ. ಅನ್‌ಡೂ ಮಾಡಿ, ಎರಡೂ ಕತ್ತರಿಗಳನ್ನು 'ತಿಂ'ಗಿಂತ 40 ಮಿಲಿಸೆಕೆಂಡ್ ಹಿಂದಕ್ಕೆ ಇಟ್ಟು ಮತ್ತೆ ಮಾಡಿದೆವು. ಕೂಡಿದ ಜಾಗದಲ್ಲಿ ತಬಲಕ್ಕೆ 5 ಮಿಲಿಸೆಕೆಂಡಿನ ಸಣ್ಣ ಕ್ರಾಸ್‌ಫೇಡ್ (ಹಳೆಯದು ಇಳಿಯುತ್ತಾ ಹೊಸದು ಏರುವ ಬೆಸುಗೆ), ಉಳಿದ ಮೂರಕ್ಕೆ 60ರ ಹತ್ತಿರ. ತಬಲಕ್ಕೂ ಉದ್ದ ಕೊಟ್ಟರೆ ಹಳೆಯ ಪೆಟ್ಟು ಹೊಸ ಪೆಟ್ಟು ಎರಡೂ ಕೇಳಿಸುತ್ತವೆ. ಹಾರ್ಮೋನಿಯಂಗೆ ಸಣ್ಣದು ಕೊಟ್ಟರೆ ಟಪ್ ಅನ್ನುತ್ತದೆ.

ನಮಗೆ ಕೂಡಿಕೆ ಕೇಳಿಸಲಿಲ್ಲ. ಅಕ್ಕೋರಿಗೆ ಕೇಳಿಸಿತು. "ತಂಬೂರಿ ಅಲ್ಲೊಮ್ಮೆ ಎಡವಿತು" ಅಂದರು. ಹೌದು! ತಂಬೂರಿ ಪ ಸ ಸ ಸ ಅಂತ ತನ್ನದೇ ಸುತ್ತಿನಲ್ಲಿ ತಿರುಗುತ್ತಿರುತ್ತದೆ, ಅದಕ್ಕೆ ತಾಳದ ಹಂಗಿಲ್ಲ. ನಾವು ತಾಳ ನೋಡಿ ಕತ್ತರಿಸಿದ್ದರಿಂದ ಒಂದು ಸ ನುಂಗಿಹೋಗಿ ಪ ಮುಂಚೆ ಬಂದಿತ್ತು. ಅದೇ ಪೆಟ್ಟಿಗೆಯನ್ನು ಅದೇ ಕರಿ ನಾಲ್ಕರ ಶ್ರುತಿಗೆ ಇಟ್ಟು ಏಳು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿ ಇಡೀ ಹಾಡಿನ ಕೆಳಗೆ ಮೆಲ್ಲಗೆ ಹಾಸಿದೆವು. ಎಡವಿದ್ದು ಅದರಡಿ ಮುಚ್ಚಿಹೋಯಿತು.

ಇದರಿಂದ ನನಗೆ ಕಂಡದ್ದನ್ನು ಹೇಳುತ್ತೇನೆ. ಟೂಲ್ ಆರಿಸುವುದು ಅಂದರೆ ಕತ್ತರಿಯಾ, ಅಂಟಾ, ಅಳಿಸುವ ರಬ್ಬರಾ ಅಂತ ಜನ ಅಂದುಕೊಳ್ಳುತ್ತಾರೆ, ಕಲಿಸುವ ವಿಡಿಯೋಗಳಲ್ಲೂ ಅದೇ. ಅದು ಸುಲಭದ ಭಾಗ. ಲಾಜಿಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಟಿ ಒತ್ತಿದರೆ ಟೂಲುಗಳ ಪಟ್ಟಿ ಬರುತ್ತದೆ, ಪ್ರೊ ಟೂಲ್ಸ್‌ನ ಸ್ಮಾರ್ಟ್ ಟೂಲ್‌ನಲ್ಲಿ ತುಂಡಿನ ಮೇಲರ್ಧಕ್ಕೆ ಹೋದರೆ ಆರಿಸುತ್ತದೆ, ಕೆಳಗರ್ಧಕ್ಕೆ ಹೋದರೆ ಹಿಡಿಯುತ್ತದೆ, ಅಂಚಿಗೆ ಹೋದರೆ ಟ್ರಿಮ್, ವಾರದಲ್ಲಿ ಕೈಗೆ ಕೂರುತ್ತದೆ. ಈ ಹುಡುಗ ಕತ್ತರಿಸಿದ ಕೈ ಬಹಳ ಚೊಕ್ಕವಾಗಿತ್ತು, ಅಂಚುಗಳಲ್ಲಿ ಒಂದೂ ಟಪ್ ಶಬ್ದ ಇರಲಿಲ್ಲ. ಕೆಟ್ಟದ್ದು ಕತ್ತರಿಯಿಂದಲ್ಲ, ಕತ್ತರಿಯ ಹಿಂದಿದ್ದ ಮೋಡಿನಿಂದ. ಇದನ್ನು ಕತ್ತರಿಸಿದರೆ ಜೊತೆಗೆ ಇನ್ನೇನು ಸರಿಯುತ್ತದೆ? ಅದನ್ನು ತೀರ್ಮಾನಿಸುವುದು ಮೋಡು. ರೀಪರ್‌ನಲ್ಲಿ ಅದರ ಹೆಸರು ರಿಪಲ್, ಪ್ರೊ ಟೂಲ್ಸ್‌ನಲ್ಲಿ ಶಫಲ್. ಪ್ರೊ ಟೂಲ್ಸ್‌ನಲ್ಲಿ ಶಫಲ್ ಗುಂಡಿಗೆ ಬೀಗ ಹಾಕುವ ಅನುಕೂಲವನ್ನೇ ಕೊಟ್ಟಿದ್ದಾರೆ, ಅಂದರೆ ಎಷ್ಟು ಜನ ಇದರಲ್ಲಿ ಬಿದ್ದಿರಬೇಕು ನೀವೇ ಯೋಚಿಸಿ.

ಸೋಲೋ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹಟಮಾರಿ. ಟಪ್ ಶಬ್ದ ಹುಡುಕಲು ಸೋಲೋ ಮಾಡಿ, ಪರವಾಗಿಲ್ಲ. ಕತ್ತರಿಸಬೇಕೋ ಬೇಡವೋ ಅಂತ ತೀರ್ಮಾನಿಸಲು ಮಾತ್ರ ಮಾಡಬೇಡಿ. ಹುಡುಗ ಇದನ್ನು ಪೂರ್ತಿ ಒಪ್ಪಿಲ್ಲ. ಸಂದರ್ಶನದಲ್ಲಿ ಸೋಲೋ ಇಲ್ಲದೆ ಹೇಗೆ ಸರ್ ಅಂತ ವಾದಿಸುತ್ತಾನೆ. ಅಲ್ಲಿ ಅವನು ಹೇಳುವುದೂ ಸರಿಯೇ.

ಈಗ ಅವನ ಬಳಿ ಎರಡು ಟೆಂಪ್ಲೇಟ್ ಇವೆ, ಒಂದು ಮಾತಿಗೆ, ಒಂದು ಹಾಡಿಗೆ. ಹಾಡಿನದರಲ್ಲಿ ರಿಪಲ್, ಸ್ನ್ಯಾಪ್ ಎರಡೂ ಬಂದ್. ಪ್ರತಿ ದಿನದ ಕೆಲಸ ಹೊಸ ಹೆಸರಿನಲ್ಲಿ ಸೇವ್ ಆಗುತ್ತದೆ. ಅನ್‌ಡೂ ಪಟ್ಟಿಯನ್ನು ಪ್ರಾಜೆಕ್ಟ್ ಜೊತೆಗೇ ಉಳಿಸುವ ಆಯ್ಕೆಯನ್ನೂ ಆನ್ ಮಾಡಿಟ್ಟಿದ್ದಾನೆ. ಇನ್ನೊಂದು ಅಭ್ಯಾಸವನ್ನು ನಾನು ಕಲಿಸಿದ್ದಲ್ಲ. ರೆಕಾರ್ಡಿಂಗ್ ಇದ್ದ ದಿನ ಬೆಳಿಗ್ಗೆ ಪಕ್ಕದ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಕೇಳುತ್ತಾನಂತೆ, "ಕಾಕು, ಇವತ್ತ ಬ್ಯಾಳಿ ಎಷ್ಟಕ್ಕ ಇಡ್ತೀರಿ?" ಹನ್ನೊಂದೂವರೆ ಅಂದರೆ ಹನ್ನೊಂದಕ್ಕೆಲ್ಲ ಕಡೆಯ ಟೇಕು ಮುಗಿದಿರುತ್ತದೆ.